ಪಿಟ್‌ಬುಲ್ ಮರಿ ಮನೆಯ ನಾಯಿಯಾಗುವ ಬಗೆ

ಪಿಟ್‌ಬುಲ್ ಎಂಬ ಹೆಸರಿನಡಿ ಹಲವು ತಳಿಗಳು ಸೇರಿಕೊಂಡಿವೆ. ಅಮೆರಿಕನ್ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಮೂರೂ ಒಂದೇ ಬುಡದ ಕವಲುಗಳು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿಗಳನ್ನು ಛೂಬಿಟ್ಟು ಜನ ಮೋಜು ನೋಡುತ್ತಿದ್ದರು. 1835ರ ಕಾಯ್ದೆ ಅದನ್ನು ನಿಲ್ಲಿಸಿತು. ಗೂಳಿ ತಪ್ಪಿದ ಮೇಲೆ ಜೂಜುಕೋರರು ನಾಯಿಗೆ ನಾಯಿಯನ್ನೇ ಎದುರಾಗಿಸಿದರು. ಬುಲ್‌ಡಾಗ್‌ನ ಬಿಗಿಹಿಡಿತ, ಟೆರಿಯರ್‌ನ ಚುರುಕು ಎರಡೂ ಇರುವ ನಾಯಿ ಬೇಕೆಂದು ಎರಡನ್ನೂ ಬೆರೆಸಿದರು. ವಲಸೆಗಾರರ ಜೊತೆ ಅಮೆರಿಕಕ್ಕೆ ಹೋದ ಈ ನಾಯಿ ಅಲ್ಲಿ ಕಾಳಗಕ್ಕೂ ಬಿತ್ತು, ಹೊಲಮನೆಗಳಲ್ಲಿ ಹಂದಿ ಹಿಡಿಯುವುದಕ್ಕೂ ದನ ಕಾಯುವುದಕ್ಕೂ ಒದಗಿತು. 1898ರಲ್ಲಿ ಯುನೈಟೆಡ್ ಕೆನಲ್ ಕ್ಲಬ್ ಹುಟ್ಟಿದ್ದೇ ಈ ತಳಿಯ ನೋಂದಣಿಯೊಂದಿಗೆ. ಅಮೆರಿಕನ್ ಕೆನಲ್ ಕ್ಲಬ್ ಮಾತ್ರ ಪಿಟ್‌ಬುಲ್ ಎಂಬ ಹೆಸರನ್ನು ಒಪ್ಪದೆ, 1936ರಲ್ಲಿ ಹೆಚ್ಚುಕಡಿಮೆ ಅದೇ ನಾಯಿಯನ್ನು ಸ್ಟಾಫರ್ಡ್‌ಶೈರ್ ಟೆರಿಯರ್ ಎಂದು ದಾಖಲಿಸಿಕೊಂಡಿತು.

ಅಸಲು ಪಿಟ್‌ಬುಲ್ ಮಧ್ಯಮ ಗಾತ್ರದ ನಾಯಿ. ಬೆಳೆದ ಗಂಡು ಸುಮಾರು 16ರಿಂದ 27 ಕಿಲೋ ತೂಗುತ್ತದೆ, ಹೆಣ್ಣು ಇನ್ನೂ ಕಡಿಮೆ. ನಮ್ಮ ನಗರಗಳಲ್ಲಿ ಪಿಟ್‌ಬುಲ್ ಎಂದು ಮಾರಾಟವಾಗುವ ಭಾರೀ ತಲೆಯ, ನಲವತ್ತು ಕಿಲೋದ ನಾಯಿಗಳಲ್ಲಿ ಬಹುಪಾಲು ಅಮೆರಿಕನ್ ಬುಲ್ಲಿಯದೋ ಮಾಸ್ಟಿಫ್‌ನದೋ ಮಿಶ್ರಣ. ಮಾರುವವನ ಬಾಯಿಮಾತಿಗಿಂತ ತಾಯಿನಾಯಿಯನ್ನು ಕಣ್ಣಾರೆ ನೋಡುವುದು ಹೆಚ್ಚು ತಿಳಿಸುತ್ತದೆ.

ಈ ನಾಯಿಯ ಸುತ್ತ ಎರಡು ಕಥೆಗಳು ಹಬ್ಬಿವೆ. ಹುಟ್ಟಾ ರಾಕ್ಷಸ ಎಂಬುದು ಒಂದು. ಹಿಂದಿನ ಕಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿತ್ತು ಎಂಬುದು ಇನ್ನೊಂದು. ದಾದಿಯ ಕಥೆಗೆ ಚರಿತ್ರೆಯ ಆಧಾರವಿಲ್ಲ. ಕಚ್ಚಿದರೆ ದವಡೆಗೆ ಬೀಗ ಬೀಳುತ್ತದೆ ಎಂಬ ಮಾತೂ ಹಾಗೆಯೇ: ದವಡೆಯ ಮೂಳೆ-ಸ್ನಾಯುಗಳ ರಚನೆ ಬೇರೆ ನಾಯಿಗಳಂತೆಯೇ ಇದೆ, ಬಿಡದಿರುವುದು ಅದರ ಹಟ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ತಳಿಶಾಸ್ತ್ರ ಅಧ್ಯಯನವೊಂದು ನಾಯಿ-ನಾಯಿಗಳ ನಡುವಿನ ಸ್ವಭಾವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡ 9 ಮಾತ್ರ ಎಂದು ಕಂಡುಕೊಂಡಿತು. ಹಾಗೆಂದು ತಳಿಗೆ ಲೆಕ್ಕವೇ ಇಲ್ಲ ಎನ್ನುವಂತಿಲ್ಲ. ಕಾಳಗದ ಕಟ್ಟೆಯಲ್ಲಿ ನಾಯಿಯನ್ನು ಎತ್ತಿ ಹಿಡಿಯುತ್ತಿದ್ದವನು ಅದರ ಒಡೆಯನೇ. ಅವನನ್ನೇ ಕಚ್ಚುವ ನಾಯಿ ಆ ಆಟಕ್ಕೆ ಉಪಯೋಗವಿರಲಿಲ್ಲ. ಹೀಗಾಗಿ ಮನುಷ್ಯರ ಜೊತೆ ಹೊಂದಿಕೊಳ್ಳುವ, ಆದರೆ ನಾಯಿಗಳ ಮೇಲೆ ಎಗರುವ, ನೋವಾದರೂ ಹಿಂದೆಗೆಯದ ಗುಣವನ್ನು ತಲೆಮಾರುಗಟ್ಟಲೆ ಆರಿಸಿ ಬೆಳೆಸಲಾಯಿತು. ಮಾಲೀಕರಿಂದ ಮಾಹಿತಿ ಪಡೆದು ನಡೆಸಿದ ಸಮೀಕ್ಷೆಗಳಲ್ಲೂ ಅಪರಿಚಿತ ನಾಯಿಗಳ ಮೇಲಿನ ಆಕ್ರಮಣದಲ್ಲಿ ಪಿಟ್‌ಬುಲ್ ಮುಂದಿನ ಸಾಲಿನಲ್ಲಿ ಬರುತ್ತದೆ. ಒಂದು ಮರಿಯಲ್ಲಿ ಈ ಗುಣ ಎಷ್ಟಿದೆ ಎಂಬುದು ಎಂಟನೇ ವಾರಕ್ಕೆ ಗೊತ್ತಾಗುವುದಿಲ್ಲ. ಮನೆಯ ನಾಯಿಯಾಗಿ ಇದನ್ನು ಬೆಳೆಸುವ ಕೆಲಸ ನಿಂತಿರುವುದು ಈ ಅನಿಶ್ಚಯದ ಮೇಲೆ. ಚೆನ್ನಾಗಿ ಬೆಳೆಸಿದರೆ ಮನುಷ್ಯರನ್ನು ಹಚ್ಚಿಕೊಳ್ಳುವ ನಾಯಿಯಾಗುವ ಸಾಧ್ಯತೆ ದೊಡ್ಡದು; ನಾಯಿಗಳ ವಿಷಯದಲ್ಲಿ ಮಾತ್ರ ಅದು ಹೇಗೂ ತಿರುಗಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಆದ್ದರಿಂದ ಮೊದಲ ಪ್ರಶ್ನೆ ಮನೆಯವರದು. ಎರಡು ವರ್ಷದ ನಂತರ ಈ ನಾಯಿಯ ಹಗ್ಗ ಹಿಡಿಯುವವರು ಯಾರು? ಹಗಲು ಅದರ ಜೊತೆ ಉಳಿಯುವವರು ಯಾರು? 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ಮಹಿಳೆಯೊಬ್ಬರು ತಮ್ಮ ಮನೆಯ ಪಿಟ್‌ಬುಲ್‌ನ ದಾಳಿಗೇ ಬಲಿಯಾದರು. ಮಗ ಆಸೆಪಟ್ಟು ತಂದ ನಾಯಿಯ ಜೊತೆ ಹಗಲೆಲ್ಲ ಉಳಿಯುವುದು ವಯಸ್ಸಾದ ತಾಯಿ ಎಂಬುದು ನಮ್ಮ ಎಷ್ಟೋ ಮನೆಗಳ ಸ್ಥಿತಿ. ನಾಯಿಯನ್ನು ತಡೆದು ನಿಲ್ಲಿಸುವಷ್ಟು ಬಲವೂ ಆಸಕ್ತಿಯೂ ಇರುವ ಕನಿಷ್ಠ ಇಬ್ಬರು ದೊಡ್ಡವರಿಲ್ಲದ ಮನೆಗೆ ಪಿಟ್‌ಬುಲ್ ಸೂಕ್ತವಲ್ಲ. ಮನೆಯಲ್ಲಿ ಆಗಲೇ ಅದೇ ಲಿಂಗದ ದೊಡ್ಡ ನಾಯಿ ಇದ್ದರೂ ಸೂಕ್ತವಲ್ಲ. ಒಂದೇ ಸೂಲಿನ ಎರಡು ಮರಿಗಳನ್ನು ಜೊತೆಗಿರಲಿ ಎಂದು ತರುವುದಂತೂ ಮುಂದಿನ ಜಗಳವನ್ನು ಕಾಸು ಕೊಟ್ಟು ಕೊಂಡಂತೆ.

ಕಾನೂನಿನ ಸ್ಥಿತಿಯನ್ನೂ ಆಗಲೇ ತಿಳಿದಿರಬೇಕು. ಬ್ರಿಟನ್ 1991ರ ಕಾಯ್ದೆಯಿಂದ ಪಿಟ್‌ಬುಲ್ ಟೆರಿಯರನ್ನು ನಿಷೇಧಿಸಿದೆ. ಅಮೆರಿಕದ ಡೆನ್ವರ್ ನಗರ 1989ರಲ್ಲಿ ತಂದ ನಿಷೇಧವನ್ನು 2020ರಲ್ಲಿ ಮತದಾರರೇ ತೆಗೆದುಹಾಕಿದರು. ಭಾರತದಲ್ಲಿ ಗಾಜಿಯಾಬಾದ್‌ನಂಥ ಪಾಲಿಕೆಗಳು 2022ರಲ್ಲಿ ಸ್ಥಳೀಯ ನಿರ್ಬಂಧ ಹೇರಿದವು. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್ ಸೇರಿದಂತೆ 23 ತಳಿಗಳ ಮಾರಾಟ, ಸಂತಾನಾಭಿವೃದ್ಧಿ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದು ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ನಿಷೇಧ ಹೋಯಿತೆಂದರೆ ಹೊಣೆ ಹೋಯಿತೆಂದಲ್ಲ. ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬೆಂಗಳೂರಿನಲ್ಲಿ ಯಾವ ತಳಿಯ ಸಾಕುನಾಯಿಗೂ ಪಾಲಿಕೆಯ ಪರವಾನಗಿ ಬೇಕು. ನಾಯಿ ಕಾಳಗ ದೇಶದಾದ್ಯಂತ ಅಪರಾಧ.

ಮರಿಯನ್ನು ತಾಯಿಯಿಂದ ಬಿಡಿಸುವ ಹೊತ್ತು ಬಹಳ ಮುಖ್ಯ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ಮೂವತ್ತು, ಮೂವತ್ತೈದು ದಿನಕ್ಕೇ ಮರಿ ಕೈ ಬದಲಾಗುತ್ತದೆ. ಎಳೆಯದಾದಷ್ಟೂ ಮನೆಯವರನ್ನು ಚೆನ್ನಾಗಿ ಹಚ್ಚಿಕೊಳ್ಳುತ್ತದೆ ಎಂದು ನಂಬಿಸುತ್ತಾರೆ. ಇದು ತಿರುವುಮುರುವು. ಕಚ್ಚಿದರೆ ಎದುರಿನವರಿಗೆ ನೋಯುತ್ತದೆ ಎಂಬ ಮೊದಲ ಪಾಠ ಮರಿಗೆ ಸಿಗುವುದು ಐದರಿಂದ ಎಂಟನೇ ವಾರದೊಳಗೆ, ಒಡಹುಟ್ಟಿದವುಗಳ ಜೊತೆಗಿನ ಆಟದಲ್ಲಿ, ತಾಯಿಯ ಗದರಿಕೆಯಲ್ಲಿ. ಜೋರಾಗಿ ಕಚ್ಚಿದ ಮರಿಯ ಜೊತೆ ಉಳಿದವು ಆಟ ನಿಲ್ಲಿಸುತ್ತವೆ. ಈ ಪಾಠ ತಪ್ಪಿಸಿಕೊಂಡ ಲ್ಯಾಬ್ರಡಾರ್ ಕೂಡ ತೊಂದರೆಯೇ, ಪಿಟ್‌ಬುಲ್ ಆದರೆ ಇನ್ನೂ ಹೆಚ್ಚು. ಮರಿ ಆರಿಸುವಾಗ ತಾಯಿ ಅಪರಿಚಿತರನ್ನು ಹೇಗೆ ಬರಮಾಡಿಕೊಳ್ಳುತ್ತಾಳೆ ಎಂದು ನೋಡಬೇಕು. ಮೂಲೆಯಲ್ಲಿ ಮುದುಡಿ ಕೂತ ಮರಿಯನ್ನು ಕನಿಕರಪಟ್ಟು ತರುವುದು ಬೇಡ. ದೊಡ್ಡದಾದ ಮೇಲೆ ಭಯದಿಂದ ಕಚ್ಚುವ ನಾಯಿ ಅಲ್ಲೇ ಅಡಗಿರಬಹುದು. ಕತ್ತರಿಸಿದ ಕಿವಿ ಬರೀ ಗತ್ತಿಗಾಗಿ. ನಾಯಿಗೆ ಅದು ನೋವು, ಜೊತೆಗೆ ಬೇರೆ ನಾಯಿಗಳಿಗೆ ಸೂಚನೆ ಕೊಡುವ ಒಂದು ಅಂಗದ ನಷ್ಟ.

ಮರಿ ಲೋಕಕ್ಕೆ ಒಗ್ಗಿಕೊಳ್ಳುವ ಕಾಲಕ್ಕೆ ಮಿತಿ ಇದೆ ಎಂಬುದನ್ನು ವಿವರವಾಗಿ ತೋರಿಸಿದವರು ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್. ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಅವರು ಪ್ರಕಟಿಸಿದ ಗ್ರಂಥ ಇಂದಿಗೂ ಈ ವಿಷಯದ ಬುನಾದಿ. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಹೊಸದನ್ನು ಕಂಡರೆ ಕುತೂಹಲ ಮೇಲುಗೈ ಪಡೆಯುತ್ತದೆ. ಆಮೇಲೆ ಅಂಜಿಕೆ ಮುಂದಾಗುತ್ತದೆ. ಅವರ ಸಾಕಣೆಯಲ್ಲಿದ್ದ ಫಾಕ್ಸ್ ಟೆರಿಯರ್ ಮರಿಗಳು ಗುಂಪುಗೂಡಿ ಒಂದರ ಮೇಲೆ ಬೀಳುತ್ತಿದ್ದುದರಿಂದ ಅವನ್ನು ಬೇರ್ಪಡಿಸಬೇಕಾಗುತ್ತಿತ್ತು. ಟೆರಿಯರ್ ರಕ್ತದ ನಾಯಿ ಸಾಕುವವರು ಈ ಸಣ್ಣ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

ಎಂಟನೇ ವಾರಕ್ಕೆ ಬಂದ ಮರಿಯ ಪಾಲಿಗೆ ಉಳಿಯುವುದು ನಾಲ್ಕೇ ವಾರ. ಲಸಿಕೆ ಪೂರ್ತಿಯಾಗದ ಕಾಲವೂ ಅದೇ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ ಮೂರು-ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೇ ವಾರದವರೆಗೆ ನಡೆಯುತ್ತವೆ. ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ ಒಂದೇ ಸೂಜಿ ಸಾಲದು. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರನೇ ತಿಂಗಳಿಗೆ. ಪಾರ್ವೊ ಹೆಚ್ಚಾಗಿ ಕಾಡುವ ತಳಿಗಳಲ್ಲಿ ರಾಟ್‌ವೈಲರ್, ಡಾಬರ್‌ಮನ್‌ಗಳ ಜೊತೆ ಪಿಟ್‌ಬುಲ್ ಹೆಸರೂ ಇದೆ. ಇದಕ್ಕೆ ಹೆದರಿ ನಾಲ್ಕು ತಿಂಗಳು ಮರಿಯನ್ನು ಕೋಣೆಯೊಳಗೆ ಕೂಡಿಹಾಕಿದರೆ ರೋಗ ತಪ್ಪಬಹುದು, ನಡವಳಿಕೆ ಕೆಡುತ್ತದೆ. ಅಮೆರಿಕದ ಪಶುವೈದ್ಯ ನಡವಳಿಕೆ ತಜ್ಞರ ಸಂಘ 2008ರಲ್ಲೇ ಈ ಇಕ್ಕಟ್ಟಿಗೆ ಉತ್ತರ ಕೊಟ್ಟಿದೆ: ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ, ಸ್ವಚ್ಛ ಜಾಗದಲ್ಲಿ, ಲಸಿಕೆಯಾದ ಆರೋಗ್ಯವಂತ ನಾಯಿಗಳ ಜೊತೆ ಮರಿ ಬೆರೆಯಬಹುದು. ಬೀದಿನಾಯಿಗಳು ಓಡಾಡುವ ನೆಲಕ್ಕೆ ಮಾತ್ರ ಅದನ್ನು ಇಳಿಸಬಾರದು. ಎತ್ತಿಕೊಂಡು ಮಾರುಕಟ್ಟೆಯ ಅಂಚಿನಲ್ಲಿ ನಿಲ್ಲಬಹುದು, ಕಾರಿನಲ್ಲಿ ಕೂರಿಸಿಕೊಂಡು ರಸ್ತೆ ತೋರಿಸಬಹುದು, ನೆಂಟರ ಮನೆಗೆ ಕರೆದೊಯ್ಯಬಹುದು.

ಏನೇನು ತೋರಿಸಬೇಕು ಎಂಬುದು ಮನೆ, ಬೀದಿ, ಊರನ್ನು ಅವಲಂಬಿಸಿದ್ದು. ನಮ್ಮ ಊರುಗಳಲ್ಲಿ ಬೆಳೆಯುವ ಮರಿಗೆ ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಆಟೋ, ಹಸು, ಮೆರವಣಿಗೆಯ ತಮಟೆ, ಹೆಲ್ಮೆಟ್ ಹಾಕಿಕೊಂಡೇ ಬಾಗಿಲಿಗೆ ಬರುವ ಡೆಲಿವರಿ ಹುಡುಗ, ಕೊಡೆ ಹಿಡಿದವರು, ಊರುಗೋಲು ಊರಿ ನಡೆಯುವ ಅಜ್ಜ, ಬುರ್ಖಾ ತೊಟ್ಟವರು, ಸಮವಸ್ತ್ರದ ಕಾವಲುಗಾರ, ಕಿರುಚಿಕೊಂಡು ಓಡುವ ಮಕ್ಕಳು ಎಲ್ಲವೂ ಪರಿಚಯವಾಗಬೇಕು. ಪಟಾಕಿಯ ಸದ್ದನ್ನು ದೀಪಾವಳಿಗೆ ಮುಂಚೆಯೇ ಮೊಬೈಲಿನಲ್ಲಿ ಸಣ್ಣಗೆ ಹಾಕಿ, ತಿನಿಸು ಕೊಡುತ್ತ, ದಿನದಿಂದ ದಿನಕ್ಕೆ ಏರಿಸಬಹುದು. ಪಟ್ಟಿ ಮುಗಿಸುವ ಆತುರದಲ್ಲಿ ಮರಿಯನ್ನು ಗದ್ದಲದ ನಡುವೆ ತಳ್ಳಿದರೆ ಫಲ ಉಲ್ಟಾ. ಬಾಲ ಹೊಟ್ಟೆಯಡಿ ಸೇರುವುದು, ತುಟಿ ನೆಕ್ಕಿಕೊಳ್ಳುವುದು, ಮತ್ತೆಮತ್ತೆ ಆಕಳಿಕೆ, ಮುಖ ಅತ್ತ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಇಷ್ಟದ ತಿನಿಸನ್ನೂ ಬೇಡವೆನ್ನುವುದು ಇವು ಸಾಕು ಎಂಬ ಸೂಚನೆಗಳು. ಆಗ ದೂರ ಹೆಚ್ಚಿಸಬೇಕು, ಹೊತ್ತು ಕಡಿಮೆ ಮಾಡಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಒಗ್ಗಿಸುವುದೆಂದರೆ ಕಂಡಕಂಡವರ ಕೈಗೆ ಮರಿಯನ್ನು ಕೊಡುವುದು, ಕಂಡ ನಾಯಿಗಳ ಜೊತೆಗೆಲ್ಲ ಆಡಿಸುವುದು ಎಂದುಕೊಳ್ಳುತ್ತಾರೆ. ಪಿಟ್‌ಬುಲ್ ಮರಿಗೆ ಬೇಕಾದ್ದು ಬೇರೆ. ಇನ್ನೊಂದು ನಾಯಿ ಹತ್ತು ಮಾರು ದೂರದಲ್ಲಿ ಹಾದುಹೋದಾಗ ಒಮ್ಮೆ ನೋಡಿ, ತಲೆ ಕೆಡಿಸಿಕೊಳ್ಳದೆ ಮಾಲೀಕನತ್ತ ತಿರುಗಬೇಕು. ತಿರುಗಿದ ಕೂಡಲೇ ತಿನಿಸು. ಪ್ರತಿ ನಾಯಿಯನ್ನೂ ಆಟದ ಜೊತೆಗಾರ ಎಂದು ಕಲಿತ ಮರಿ ಹಗ್ಗ ಜಗ್ಗುತ್ತ ಉದ್ರೇಕಗೊಳ್ಳುತ್ತದೆ. ಆ ಉದ್ರೇಕ ಮುಂದೆ ಜಗಳಕ್ಕೆ ತಿರುಗಲು ತಡವಾಗುವುದಿಲ್ಲ. ಶಾಂತಸ್ವಭಾವದ ಎರಡು ಮೂರು ಪರಿಚಿತ ನಾಯಿಗಳ ಜೊತೆ, ಕಣ್ಣೆದುರು ಆಟ ಸಾಕು. ಅಪರಿಚಿತ ನಾಯಿಗಳನ್ನೆಲ್ಲ ಒಟ್ಟಿಗೆ ಬಿಡುವ ನಾಯಿ ಪಾರ್ಕುಗಳು ಈ ತಳಿಗೆ ಹೇಳಿ ಮಾಡಿಸಿದ ಜಾಗವಲ್ಲ.

ಮನೆಯೊಳಗಿನ ಪಾಠಗಳಲ್ಲಿ ಮೊದಲನೆಯದು ಬಾಯಿ. ನಾಯಿಮರಿಗೆ 28 ಹಾಲುಹಲ್ಲು; ಮೂರರಿಂದ ಆರು ತಿಂಗಳೊಳಗೆ ಅವು ಬಿದ್ದು 42 ಹಲ್ಲುಗಳು ಬರುತ್ತವೆ. ಆ ಕಾಲದಲ್ಲಿ ಕೈ, ಚಪ್ಪಲಿ, ಸೀರೆಯ ಸೆರಗು ಎಲ್ಲವೂ ಬಾಯಿಗೆ. ಮೂತಿಗೆ ಹೊಡೆಯುವುದು, ಬಾಯಿ ಅದುಮಿ ಹಿಡಿಯುವುದು ಕೈ ಕಂಡರೆ ಹೆದರುವ ನಾಯಿಯನ್ನು ಮಾಡುತ್ತವೆ. ಹಲ್ಲು ತಾಗಿದ ಕ್ಷಣ ಆಟ ನಿಲ್ಲಿಸಿ ಎದ್ದುಹೋಗಬೇಕು. ಅರ್ಧ ನಿಮಿಷ ಬಿಟ್ಟು ಜಗಿಯುವ ಆಟಿಕೆ ಕೊಡಬೇಕು. ಮನೆಯಲ್ಲಿ ಒಬ್ಬರು ಹೀಗೆ ಮಾಡಿ ಇನ್ನೊಬ್ಬರು ಕೈ ಕಚ್ಚಿಸಿಕೊಂಡು ನಗುತ್ತಿದ್ದರೆ ಮರಿ ಕಲಿಯುವುದಿಲ್ಲ. ಹಗ್ಗ ಜಗ್ಗಾಟ ಆಡಿಸಿದರೆ ನಾಯಿ ಕ್ರೂರವಾಗುತ್ತದೆ ಎಂಬ ಭಯ ಬೇಡ. ಬಿಡು ಎಂದಾಗ ಬಿಡುವುದು, ಬಿಟ್ಟ ಮೇಲೆ ಮತ್ತೆ ಆಟ ಸಿಗುವುದು ಎಂಬ ಕ್ರಮವಿದ್ದರೆ, ಹಿಡಿದದ್ದನ್ನು ಬಿಡದ ತಳಿಗೆ ಬಿಡುವುದನ್ನು ಕಲಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ತಟ್ಟೆಯ ವಿಷಯದಲ್ಲೂ ಅದೇ ನೀತಿ. ಉಣ್ಣುವಾಗ ಕೈ ಹಾಕಿ ಕಿತ್ತುಕೊಂಡು ಯಜಮಾನಿಕೆ ತೋರಿಸುವ ಬದಲು, ಹತ್ತಿರ ಹೋದಾಗಲೆಲ್ಲ ಒಂದು ತುಂಡು ಕೋಳಿಮಾಂಸ ಹಾಕಿ ಹಿಂದೆ ಸರಿದರೆ ಮನುಷ್ಯರು ಬಂದರೆ ಲಾಭವೇ ಎಂದು ನಾಯಿ ತಿಳಿಯುತ್ತದೆ.

ಗುರ್ರೆಂದದ್ದಕ್ಕೆ ಶಿಕ್ಷಿಸುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ. ಗುರ್ರೆನ್ನುವುದು ಎಚ್ಚರಿಕೆ, ಹೊಡೆತ ತಿಂದ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಮುಳ್ಳಿನ ಕೊರಳಪಟ್ಟಿ, ಶಾಕ್ ಕೊಡುವ ಪಟ್ಟಿಗಳೂ ಇದೇ ಸಾಲಿನವು: ಬೇರೆ ನಾಯಿಯನ್ನು ಕಂಡಾಗಲೆಲ್ಲ ಕೊರಳಿಗೆ ನೋವಾದರೆ ಆ ನೋವಿಗೆ ಎದುರಿನ ನಾಯಿಯೇ ಕಾರಣ ಎಂದು ನಮ್ಮ ನಾಯಿ ಲೆಕ್ಕ ಹಾಕುತ್ತದೆ. ಮನೆ ಕಾಯಲೆಂದು ಮರಿಯನ್ನು ಛೂಬಿಟ್ಟು, ಅಪರಿಚಿತರ ಮೇಲೆ ಕೆರಳಿಸಿ ಬೆಳೆಸುವವರೂ ಇದ್ದಾರೆ. ಜನರನ್ನು ಕಂಡರೆ ಸ್ನೇಹದಿಂದಿರುವುದೇ ಈ ತಳಿಯ ಒಳ್ಳೆಯ ಗುಣವಾಗಿರುವಾಗ ಅದನ್ನೇ ಕೆಡಿಸುವ ಕೆಲಸ ಇದು. ತಾರಸಿಯ ಮೇಲೆ ಚೈನಿನಲ್ಲಿ ದಿನವಿಡೀ ಕಟ್ಟುವುದೂ ಅಷ್ಟೇ ಕೆಟ್ಟದ್ದು.

ಮಕ್ಕಳಿರುವ ಮನೆಯ ನಿಯಮ ಸರಳ, ಪಾಲಿಸುವುದು ಕಷ್ಟ: ಚಿಕ್ಕ ಮಕ್ಕಳನ್ನೂ ನಾಯಿಯನ್ನೂ ದೊಡ್ಡವರ ಕಣ್ಣಿಲ್ಲದೆ ಒಟ್ಟಿಗೆ ಬಿಡಬಾರದು, ಒಂದು ನಿಮಿಷಕ್ಕೂ. ಮಕ್ಕಳನ್ನು ಕಚ್ಚುವ ನಾಯಿ ಹೆಚ್ಚಾಗಿ ಪರಿಚಯದ್ದೇ. ಮಲಗಿದ, ಉಣ್ಣುತ್ತಿರುವ ನಾಯಿಯ ಹತ್ತಿರ ಹೋಗಬಾರದು, ಕೊರಳಿಗೆ ತಬ್ಬಿ ಮುಖಕ್ಕೆ ಮುಖ ತರಬಾರದು ಎಂದು ಮಕ್ಕಳಿಗೂ ಪಾಠ ಬೇಕು. ಯಾರೂ ತೊಂದರೆ ಕೊಡದ ಒಂದು ಮೂಲೆ ಅಥವಾ ಕ್ರೇಟು ನಾಯಿಗೆ ಮೀಸಲಾಗಿರಬೇಕು. ಅಡುಗೆಮನೆ ಬಾಗಿಲಿಗೆ ಹಾಕುವ ಅರ್ಧ ಎತ್ತರದ ಗೇಟು ಇಂಥ ಮನೆಯಲ್ಲಿ ಬಹಳ ಜಗಳ ತಪ್ಪಿಸುತ್ತದೆ.

ಊಟದಲ್ಲಿ ವಿಶೇಷವೇನೂ ಇಲ್ಲ. ಎಳೆಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳ ನಂತರ ಎರಡು ಸಲ. ಬರೀ ಮೊಸರನ್ನ, ಹಾಲು-ಮುದ್ದೆಯಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ; ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೆಂದ ಮೂಳೆ ಕೂಡದು. ಚರ್ಮದ ಅಲರ್ಜಿ, ಡೆಮೊಡೆಕ್ಸ್ ಹುಳುವಿನ ಕಜ್ಜಿ ಈ ತಳಿಯಲ್ಲಿ ಹೆಚ್ಚು. ಕೂದಲು ಉದುರಿದ ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಬೇಕು. ಮೂಳೆ ಬಲಿಯುವ ಮುನ್ನ, ಅಂದರೆ ಸುಮಾರು ಒಂದು ವರ್ಷದವರೆಗೆ, ಎತ್ತರದಿಂದ ಹಾರಿಸುವುದು, ಭಾರ ಎಳೆಸುವುದು ಬೇಡ. ಮೂಸಿ ಹುಡುಕುವ ಆಟಗಳು, ದಿನಕ್ಕೆ ಐದೈದು ನಿಮಿಷದ ಪಾಠಗಳು ಓಟಕ್ಕಿಂತ ಚೆನ್ನಾಗಿ ದಣಿಸುತ್ತವೆ.

ನಿಜವಾದ ಪರೀಕ್ಷೆ ಒಂದರಿಂದ ಮೂರು ವರ್ಷದ ನಡುವೆ. ಅಲ್ಲಿಯವರೆಗೆ ಎಲ್ಲ ನಾಯಿಗಳ ಜೊತೆ ಆಡಿಕೊಂಡಿದ್ದ ಪಿಟ್‌ಬುಲ್ ಒಂದು ದಿನ ಎದುರಿನ ನಾಯಿಯನ್ನು ಕಂಡು ಮೈ ಬಿಗಿಹಿಡಿದು ನಿಲ್ಲಬಹುದು. ಬೆಳೆಸಿದ್ದರಲ್ಲಿ ದೋಷವಿದೆ ಎಂದೇ ಇದರ ಅರ್ಥವಲ್ಲ. ತಳಿಯಲ್ಲಿದ್ದದ್ದು ಪ್ರಾಯಕ್ಕೆ ಬಂದಾಗ ಹೊರಗೆ ಬಂದಿರಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬೆದೆ, ಅಲೆದಾಟದ ತೊಂದರೆ ತಪ್ಪುತ್ತದೆ, ಆದರೆ ನಾಯಿಗಳ ಮೇಲಿನ ಸಿಟ್ಟಿಗೆ ಅದೇ ಮದ್ದಲ್ಲ; ಯಾವ ವಯಸ್ಸಿಗೆ ಮಾಡಿಸಬೇಕೆಂದು ವೈದ್ಯರನ್ನೇ ಕೇಳಬೇಕು. ಇಲ್ಲಿಂದ ಮುಂದೆ ನಡೆಯುವುದು ಜೀವನಪೂರ್ತಿಯ ನಿರ್ವಹಣೆ. ಹೊರಗೆ ಹೋದಾಗ ಹಗ್ಗ ಕಳಚುವಂತಿಲ್ಲ. ಉದ್ದ ಹಿಗ್ಗುವ ಹಗ್ಗಕ್ಕಿಂತ ಎರಡು ಮೀಟರಿನ ಗಟ್ಟಿ ಪಟ್ಟಿ ವಾಸಿ. ಬೀದಿನಾಯಿಗಳು ಗುಂಪಾಗಿ ಎದುರಾಗುವ ಊರುಗಳಲ್ಲಿ ನಡಿಗೆಯ ಹೊತ್ತು, ದಾರಿ ಎರಡನ್ನೂ ಅವುಗಳ ಠಿಕಾಣಿ ನೋಡಿಕೊಂಡು ಆರಿಸಬೇಕು.

ಹೊಲದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂತೆ ಮೂತಿಗೆ ಹಾಕುವ ಬುಟ್ಟಿ ಆಕಾರದ ಮಝಲ್ ನಾಯಿಗೆ ಹಿಂಸೆಯಲ್ಲ. ಅದರೊಳಗೆ ನಾಲಗೆ ಚಾಚಿ ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಟ್ಟೆಯ ಬಿಗಿ ಪಟ್ಟಿ ಬಿಸಿಲಲ್ಲಿ ಅಪಾಯಕಾರಿ. ಮರಿಯಿದ್ದಾಗಲೇ ಒಳಗೆ ತಿನಿಸಿಟ್ಟು ಮೂತಿ ತೂರಿಸುವ ಆಟವಾಗಿ ಇದನ್ನು ಕಲಿಸಿದರೆ ಆಸ್ಪತ್ರೆ, ರೈಲು, ಲಿಫ್ಟು ಎಲ್ಲೆಡೆ ಅನುಕೂಲ. ಜಗಳವೇ ಆದರೆ ಬಾಯಿಯ ಹತ್ತಿರ ಕೈ ಹಾಕಬಾರದು. ಹಿಡಿದುಕೊಂಡ ನಾಯಿಯನ್ನು ಎಳೆದಷ್ಟೂ ಇನ್ನೊಂದರ ಮೈ ಹರಿಯುತ್ತದೆ. ತೊಡೆಯ ಬಳಿ ಹಿಂದಿನಿಂದ ಹಿಡಿದು ಅಲುಗಾಡದಂತೆ ನಿಲ್ಲಿಸಿ, ಹಿಡಿತ ಸಡಿಲಾದ ಕ್ಷಣ ದೂರ ಒಯ್ಯಬೇಕು. ಇದಕ್ಕೆ ಇಬ್ಬರು ಬೇಕು.

ಶಾಂತವಾಗಿದ್ದ ನಾಯಿ ಏಕಾಏಕಿ ಮುಟ್ಟಗೊಡದಿದ್ದರೆ ಮೊದಲು ಪಶುವೈದ್ಯರು ಕಿವಿ, ಹಲ್ಲು, ಸೊಂಟ, ಥೈರಾಯ್ಡ್ ಪರೀಕ್ಷಿಸಬೇಕು. ನೋವಿನಿಂದ ಕಚ್ಚುವ ನಾಯಿಗಳು ಕಡಿಮೆಯಲ್ಲ. ದೇಹದಲ್ಲಿ ದೋಷವಿಲ್ಲವೆಂದಾದರೆ ನಡವಳಿಕೆ ಬಲ್ಲ ತರಬೇತುದಾರರ ನೆರವು. ಹದಿನೈದು ದಿನಕ್ಕೆ ಸರಿಮಾಡುತ್ತೇನೆ ಎಂದು ನಾಯಿಯನ್ನು ಕೊಂಡೊಯ್ಯುವವರಿಂದ ದೂರ ಇರಬೇಕು, ಅಲ್ಲಿ ಏನು ನಡೆಯುತ್ತದೆಂದು ಮಾಲೀಕನಿಗೆ ಕಾಣುವುದಿಲ್ಲ. ಸರಿಪಡಿಸುವ ಸಾಧ್ಯತೆ ಎಷ್ಟೆಂಬುದಕ್ಕೆ 2007ರ ಒಂದು ಪ್ರಕರಣ ಸಾಕ್ಷಿ. ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್‌ನ ವರ್ಜಿನಿಯಾ ಆಸ್ತಿಯಿಂದ ವಶಪಡಿಸಿಕೊಂಡ ಸುಮಾರು 50 ಕಾಳಗದ ಪಿಟ್‌ಬುಲ್‌ಗಳನ್ನು ಸಾಮೂಹಿಕವಾಗಿ ಕೊಲ್ಲದೆ ಒಂದೊಂದನ್ನಾಗಿ ಪರೀಕ್ಷಿಸಲಾಯಿತು. 22 ನಾಯಿಗಳು ಯೂಟಾದ ಬೆಸ್ಟ್ ಫ್ರೆಂಡ್ಸ್ ಆಶ್ರಯಕ್ಕೆ ಹೋದವು. ಎಷ್ಟೋ ನಾಯಿಗಳಿಗೆ ಮನೆ ಸಿಕ್ಕಿತು, ಒಂದೆರಡು ರೋಗಿಗಳಿಗೆ ಸಾಂತ್ವನ ನೀಡುವ ಥೆರಪಿ ನಾಯಿಗಳಾದವು. ಕೆಲವು ಮಾತ್ರ ಬೇರೆ ನಾಯಿಗಳ ಜೊತೆ ಎಂದೂ ಹೊಂದಿಕೊಳ್ಳಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ನುರಿತ ಕೈಗಳು, ಕೋರ್ಟಿನ ಮೂಲಕ ಬಂದ ಹಣ, ಹಲವು ವರ್ಷಗಳ ಸಮಯ. ಸಾಮಾನ್ಯ ಮನೆಗೆ ಅಷ್ಟೆಲ್ಲ ಒದಗುವುದಿಲ್ಲ. ಸಾಕಲಾಗದೆ ನಾಯಿಯನ್ನು ಬೇರೆಯವರಿಗೆ ಒಪ್ಪಿಸುವ ಪ್ರಸಂಗ ಬಂದರೆ, ಅದು ಯಾರನ್ನು, ಯಾವ ಸಂದರ್ಭದಲ್ಲಿ, ಎಷ್ಟು ಆಳಕ್ಕೆ ಕಚ್ಚಿತ್ತು ಎಂಬುದನ್ನು ಬರೆದು ಲಸಿಕೆ ಚೀಟಿಯ ಜೊತೆ ಕೊಡಬೇಕು. ರಾತ್ರಿ ಹೆದ್ದಾರಿಯ ಬದಿ ಬಿಟ್ಟುಬರುವುದು ಕಾನೂನಿನಲ್ಲೂ ಅಪರಾಧ.